ಬೇಲಿಯರಿಯದ ಪಿಡುಗು

ಮುಂಗಾರಿನ ಮೊದಲ ಮಳೆ ಬಿದ್ದು ನೆಲ ಹದವಾದೊಡನೆ ರೈತನು ಹೊಲಕ್ಕಿಳಿಯುತ್ತಾನೆ. ಉತ್ತು, ಹರಗಿ, ಬಿತ್ತನೆ ಮುಗಿಸುತ್ತಾನೆ. ಪೈರು ನಾಲ್ಕು ಎಲೆ ಬಿಡುವ ಹೊತ್ತಿಗೆ ಸಾಲುಗಳ ನಡುವೆ ಎಡೆಕುಂಟೆ ಆಡಿಸಿ, ಉಳಿದ ಕಳೆಯನ್ನು ಮನೆಮಂದಿಯೊಡನೆ ಕೈಯಾರೆ ಕಿತ್ತು ಹಾಕುತ್ತಾನೆ. ಹೊಲ ಈಗ ಚೊಕ್ಕಟ. ಆದರೆ ಬದುವಿನ ಆಚೆಗೆ ಕಣ್ಣು ಹಾಯಿಸಿದರೆ ಕಾಣುವುದೇನು? ಪಕ್ಕದ ಹೊಲದ ಒಡೆಯನು ಪಟ್ಟಣ ಸೇರಿದ್ದಾನೆ. ನೆಲ ಬೀಳು ಬಿದ್ದಿದೆ. ಅಲ್ಲಿ ಎದೆಯುದ್ದ ಬೆಳೆದ ಗಿಡಗಳ ಮೇಲೆ ಉಪ್ಪು ಚೆಲ್ಲಿದಂತೆ ಬಿಳಿಯ ಹೂಗಳು ಅರಳಿ ನಿಂತಿವೆ. ಇನ್ನು ಕೆಲವೇ ದಿನಗಳಲ್ಲಿ ಆ ಹೂಗಳು ಬೀಜವಾಗುತ್ತವೆ. ಮಳೆಯ ನೀರು, ಗಾಳಿ, ದನದ ಕಾಲ್ಗೊರಸು, ಗಾಡಿಯ ಚಕ್ರ ಇವುಗಳಲ್ಲಿ ಯಾವುದಾದರೊಂದು ಆ ಬೀಜವನ್ನು ಈಚೆಗೆ ತರುತ್ತದೆ. ಶ್ರಮಪಟ್ಟವನ ಶ್ರಮ ಮರುವರ್ಷಕ್ಕೆ ಮತ್ತೆ ಮೊದಲಿನಿಂದ.

ಊರ ಹಬ್ಬಕ್ಕೆ ಬಂದ ಆ ಹೊಲದ ಒಡೆಯನೊಡನೆ ನೆರೆಹೊಲದ ಹಿರಿಯನು ಈ ಮಾತೆತ್ತಿದರೆ ಬರುವ ಉತ್ತರವೂ ಎಲ್ಲ ಊರುಗಳಲ್ಲಿ ಒಂದೇ ಬಗೆಯದು:

“ಅಜ್ಜಾ, ನಾನು ಅಲ್ಲಿ ಬೆಳೆಯನ್ನೇ ಇಟ್ಟಿಲ್ಲ. ನನ್ನ ನೆಲದಲ್ಲಿ ಕಳೆ ಬೆಳೆದರೆ ನಿಮಗೇನು ನಷ್ಟ?”

“ಗಿಡ ನಿನ್ನದೇ ತಮ್ಮಾ, ಇಲ್ಲವೆನ್ನಲಿಲ್ಲ. ಬೀಜ ಮಾತ್ರ ಊರಿಗೆಲ್ಲ ಸೇರಿದ್ದು.”

ಆ ಹಿರಿಯನ ಮಾತಿನಲ್ಲಿ ಒಂದು ದೊಡ್ಡ ಸತ್ಯ ಅಡಗಿದೆ. ಹೊಲಕ್ಕೆ ಬದುವುಂಟು, ಮನೆಗೆ ಗೋಡೆಯುಂಟು, ತೋಟಕ್ಕೆ ಬೇಲಿಯುಂಟು. ಇವೆಲ್ಲ ಮನುಷ್ಯರು ಮನುಷ್ಯರಿಗಾಗಿ ಮಾಡಿಕೊಂಡ ಗುರುತುಗಳು. ಕಳೆಗಾಗಲಿ, ಇಲಿಗಾಗಲಿ, ಹುಳುವಿಗಾಗಲಿ ಈ ಗುರುತುಗಳ ಪರಿವೆಯಿಲ್ಲ. ಆದುದರಿಂದ ಇವುಗಳನ್ನು ಹತೋಟಿಯಲ್ಲಿಡುವ ಕಾರ್ಯವು ಒಬ್ಬೊಬ್ಬರ ಮನೆವಾರ್ತೆಯಾಗಿ ಉಳಿಯಲಾರದು. ಅದು ನೆರೆಹೊರೆಯವರೆಲ್ಲರ ಕರ್ತವ್ಯವಾಗುತ್ತದೆ.

ಯಾವ ಗಿಡವೂ ಹುಟ್ಟಿನಿಂದಲೇ ಕಳೆಯಲ್ಲ, ಯಾವ ಪ್ರಾಣಿಯೂ ಹುಟ್ಟಿನಿಂದಲೇ ಪೀಡೆಯಲ್ಲ. ರಾಗಿಯ ಸಾಲಿನ ನಡುವೆ ಮೊಳೆತರೆ ತುಳಸಿಯೂ ಕಳೆಯೇ. ತನ್ನ ಹುಟ್ಟುನೆಲದಲ್ಲಿ ಪ್ರತಿಯೊಂದು ಜೀವಿಗೂ ಅದನ್ನು ತಿನ್ನುವ ಕೀಟಗಳು, ಅದಕ್ಕೆ ತಗಲುವ ರೋಗಗಳು, ಅದರೊಡನೆ ಪೈಪೋಟಿ ನಡೆಸುವ ಜೀವಿಗಳು ಇರುತ್ತವೆ. ಈ ಕಟ್ಟುಪಾಡಿನೊಳಗೆ ಅದು ಮಿತಿಯಲ್ಲಿ ಬಾಳುತ್ತದೆ. ಅದೇ ಜೀವಿಯನ್ನು ಮನುಷ್ಯನು ತಿಳಿದೋ ತಿಳಿಯದೆಯೋ ದೂರದ ನಾಡಿಗೆ ಒಯ್ದನೆನ್ನಿ. ಅಲ್ಲಿ ಅದರ ಶತ್ರುಗಳಿಲ್ಲ. ಕಟ್ಟು ಕಳಚಿದ ಹೋರಿಯಂತೆ ಅದು ಮೇರೆಮೀರುತ್ತದೆ. ಇಂದು ಹೊಲ ಮನೆಗಳನ್ನು ಕಾಡುತ್ತಿರುವ ಹಲವು ಪಿಡುಗುಗಳ ಕಥೆ ಇದೇ ಆಗಿದೆ.

ಮೇಲೆ ಹೇಳಿದ ಬಿಳಿ ಹೂವಿನ ಗಿಡವೇ ಪಾರ್ಥೇನಿಯಂ. ಜನರು ಇದನ್ನು ಕಾಂಗ್ರೆಸ್ ಗಿಡವೆಂದು ಕರೆಯುತ್ತಾರೆ. ಅಮೆರಿಕ ಖಂಡದ ಉಷ್ಣಪ್ರದೇಶ ಇದರ ತವರು. 1955ರಲ್ಲಿ ಪುಣೆಯಲ್ಲಿ ಇದು ವಿಜ್ಞಾನಿಗಳ ಗಮನಕ್ಕೆ ಬಂದಿತು. ಮುಂದಿನ ಎರಡು ದಶಕಗಳೊಳಗಾಗಿ ಬೆಂಗಳೂರಿನ ಖಾಲಿ ನಿವೇಶನಗಳನ್ನೂ ರಸ್ತೆಯ ಅಂಚುಗಳನ್ನೂ ರೈಲು ಹಾದಿಯ ಇಕ್ಕೆಲಗಳನ್ನೂ ಆಕ್ರಮಿಸಿತು. 1975ರಲ್ಲಿ ಕರ್ನಾಟಕ ಸರ್ಕಾರವು ಇದನ್ನು ಹಾನಿಕರ ಕಳೆಯೆಂದು ಘೋಷಿಸಿತು. ಆದರೆ ಘೋಷಣೆಯಿಂದ ಗಿಡ ಒಣಗುವುದಿಲ್ಲವಷ್ಟೆ.

ಈ ಗಿಡದ ಬಲವೆಲ್ಲ ಇರುವುದು ಅದರ ಬೀಜದಲ್ಲಿ. ಮೊಳೆತ ನಾಲ್ಕರಿಂದ ಆರು ವಾರಗಳೊಳಗೆ ಅದು ಹೂ ಬಿಡುತ್ತದೆ. ಚೆನ್ನಾಗಿ ಬೆಳೆದ ಒಂದೇ ಗಿಡ 15,000ಕ್ಕೂ ಹೆಚ್ಚು ಬೀಜಗಳನ್ನು ಉದುರಿಸಬಲ್ಲುದು. ಮಣ್ಣಿನೊಳಗೆ ಹುದುಗಿದ ಬೀಜ ವರ್ಷಗಟ್ಟಲೆ ಜೀವ ಹಿಡಿದುಕೊಂಡಿದ್ದು, ನೆಲ ಕೆದಕಿದಾಗ ಮೊಳೆಯುತ್ತದೆ. ಗಿಡದಿಂದ ಹೊರಬರುವ ಕೆಲವು ರಾಸಾಯನಿಕಗಳು ಸುತ್ತಲಿನ ಇತರ ಸಸ್ಯಗಳ ಮೊಳಕೆಯನ್ನೇ ತಡೆಯುತ್ತವೆ. ಹೀಗಾಗಿ ಗೋಮಾಳಗಳಲ್ಲಿ ಹುಲ್ಲು ಮರೆಯಾಗಿ, ದನಕ್ಕೆ ಮೇವಿಲ್ಲದಂತಾಗುತ್ತದೆ. ಹಸಿದ ದನವು ಇದನ್ನೇ ಮೇಯ್ದರೆ ಅದರ ಹಾಲು ಕಹಿಯಾಗುತ್ತದೆ.

ಬೆಳೆಗೆ ಆಗುವ ಹಾನಿಗಿಂತ ಮನುಷ್ಯನಿಗೆ ಆಗುವ ಹಾನಿ ಇನ್ನೂ ಕ್ರೂರವಾದುದು. ಈ ಗಿಡದಲ್ಲಿ ಪಾರ್ಥೆನಿನ್ ಎಂಬ ವಸ್ತುವಿದೆ. ವರ್ಷಗಟ್ಟಲೆ ಇದನ್ನು ಬರಿಗೈಯಲ್ಲಿ ಕಿತ್ತವರಲ್ಲಿ ಕೆಲವರಿಗೆ ಮುಖ, ಕತ್ತು, ಮೊಣಕೈಗಳ ಚರ್ಮ ಕೆಂಪಾಗಿ, ತುರಿಸಿ, ದಪ್ಪಗಟ್ಟಿ ಸೀಳುತ್ತದೆ. ಒಮ್ಮೆ ಈ ವ್ಯಾಧಿ ಅಂಟಿತೆಂದರೆ ಗಿಡದ ಬಳಿ ಸುಳಿದರೂ ಸಾಕು, ಮತ್ತೆ ಕೆರಳುತ್ತದೆ. ಹೂವಿನ ಪರಾಗದಿಂದ ಸೀನು, ನೆಗಡಿ, ಉಬ್ಬಸಗಳು ಕಾಡುತ್ತವೆ. ಕಳೆ ಕಿತ್ತು ಅನ್ನ ದುಡಿಯುವ ಹೆಣ್ಣುಮಗಳಿಗೆ ಹೊಲಕ್ಕೆ ಕಾಲಿಡುವುದೇ ಅಸಾಧ್ಯವಾದರೆ ಅವಳ ಸಂಸಾರದ ಗತಿಯೇನು? ಕಳೆಯ ಲೆಕ್ಕವನ್ನು ಮೂಟೆಗಳಲ್ಲಿ ಮಾತ್ರ ಅಳೆಯುವವರು ಈ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು.

ಇಂತಹ ಗಿಡವನ್ನು ಎದುರಿಸುವ ಬಗೆ ಹೇಗೆ? ಮೊದಲ ಸೂತ್ರವೆಂದರೆ ಕಾಲಪ್ರಜ್ಞೆ. ಹೂ ಬಿಡುವ ಮುನ್ನ, ನೆಲ ತೇವವಿರುವಾಗ, ಕೈಗೆ ಚೀಲ ತೊಟ್ಟು ಗಿಡವನ್ನು ಬೇರುಸಹಿತ ಕೀಳಬೇಕು. ಆಗ ಕಿತ್ತ ಗಿಡ ಕಸವಲ್ಲ. ಗುಂಡಿಯಲ್ಲಿ ಹಾಕಿ ಕೊಳೆಸಿದರೆ ಒಳ್ಳೆಯ ಗೊಬ್ಬರವಾಗುತ್ತದೆ. ಅದೇ ಗಿಡವನ್ನು ಬೀಜ ಕಟ್ಟಿದ ಮೇಲೆ ಕಿತ್ತು ತಿಪ್ಪೆಗೆ ಎಸೆದರೆ ಕಥೆ ಬೇರೆಯಾಗುತ್ತದೆ. ಬೀಜ ಗೊಬ್ಬರದೊಡನೆ ಗಾಡಿಯೇರಿ ಹೊಲದ ಮೂಲೆಮೂಲೆಗೂ ತಲುಪುತ್ತದೆ. ರೈತನೇ ತನ್ನ ಕೈಯಾರೆ ಕಳೆಯನ್ನು ಬಿತ್ತಿದಂತಾಗುತ್ತದೆ. ಬೀಜ ಉದುರಿದ ಮೇಲೆ ಕುಡುಗೋಲು ಹಿಡಿಯುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ಎರಡನೆಯ ಸೂತ್ರ, ನೆಲವನ್ನು ಬರಿದಾಗಿ ಬಿಡದಿರುವುದು. ಖಾಲಿಯಾದ ಸ್ಥಳವನ್ನು ಯಾರಾದರೂ ತುಂಬುವುದು ಪ್ರಕೃತಿಯ ನಿಯಮ. ಪಾರ್ಥೇನಿಯಂ ಕಿತ್ತ ಜಾಗದಲ್ಲಿ ತಗಚೆಯ ಬೀಜವನ್ನು ಚೆಲ್ಲಿದರೆ ಅದು ಒತ್ತಾಗಿ ಬೆಳೆದು, ನೆರಳು ಕವಿಸಿ, ಪಾರ್ಥೇನಿಯಂ ತಲೆಯೆತ್ತದಂತೆ ಮಾಡುತ್ತದೆ. ಪೈರಿಲ್ಲದ ಬಯಲಿನಲ್ಲಿ ಉಪ್ಪುನೀರನ್ನು ಸಿಂಪಡಿಸಿ ಗಿಡವನ್ನು ಒಣಗಿಸುವುದೂ ಉಂಟು. ಆದರೆ ಉಪ್ಪು ನೆಲದ ಸಾರವನ್ನು ಕೆಡಿಸುವುದರಿಂದ ಅದು ಉಳುವ ಭೂಮಿಗೆ ಸಲ್ಲದು.

ಮೂರನೆಯ ಮಾರ್ಗ ಕುತೂಹಲಕರವಾದುದು. ಕಳೆಯ ತವರಿನಿಂದಲೇ ಅದರ ವೈರಿಯನ್ನು ಕರೆತರುವುದು ಆ ಮಾರ್ಗ. ಇದನ್ನು ಜೈವಿಕ ಹತೋಟಿ ಎನ್ನುತ್ತಾರೆ. ಪಾರ್ಥೇನಿಯಂ ಎಲೆಯನ್ನು ತಿನ್ನುವ ಮೆಕ್ಸಿಕೋ ದೇಶದ ಒಂದು ಬಗೆಯ ದುಂಬಿಯನ್ನು 1983ರಲ್ಲಿ ಭಾರತಕ್ಕೆ ತರಲಾಯಿತು. ಅದು ಬೆಳೆಗಳನ್ನು ಮುಟ್ಟುವುದೋ ಇಲ್ಲವೋ ಎಂಬುದನ್ನು ಪರೀಕ್ಷಿಸಿದ ತರುವಾಯ 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಮಳೆಗಾಲದಲ್ಲಿ ಈ ದುಂಬಿಯೂ ಅದರ ಮರಿಹುಳುವೂ ಗಿಡಗಳ ಎಲೆಯನ್ನು ತಿಂದು ಕಡ್ಡಿ ಮಾತ್ರ ಉಳಿಸುವುದನ್ನು ಅನೇಕ ಕಡೆ ಕಾಣಬಹುದು. 1990ರ ದಶಕದ ಆರಂಭದಲ್ಲಿ ಇದೇ ದುಂಬಿ ಸೂರ್ಯಕಾಂತಿಯ ಎಲೆಯ ಮೇಲೆ ಕಾಣಿಸಿಕೊಂಡು ರೈತರಲ್ಲಿ ಕಳವಳ ಹುಟ್ಟಿಸಿತು. ಸೂರ್ಯಕಾಂತಿಯು ಅದರ ಸಹಜ ಆಹಾರವಲ್ಲವೆಂದು ಪರೀಕ್ಷೆಗಳಿಂದ ತಿಳಿದ ಮೇಲೆ ಆ ಕಳವಳ ಇಳಿಯಿತು. ಬೇಸಗೆಯಲ್ಲಿ ದುಂಬಿ ಮಣ್ಣಿನೊಳಗೆ ಮಲಗುತ್ತದೆ. ನೀರಿನ ಆಸರೆಯಿರುವೆಡೆ ಗಿಡ ಮಾತ್ರ ಮಲಗುವುದಿಲ್ಲ. ಆದುದರಿಂದ ದುಂಬಿಯಿದೆಯೆಂದು ಮನುಷ್ಯನು ಕೈಕಟ್ಟಿ ಕೂರುವಂತಿಲ್ಲ.

ಈ ಮಾರ್ಗ ದಕ್ಷಿಣ ಭಾರತಕ್ಕೆ ಹೊಸತೇನಲ್ಲ. ಒಂದು ಕಾಲದಲ್ಲಿ ಅಮೆರಿಕ ಮೂಲದ ಪಾಪಾಸುಕಳ್ಳಿಯ ಜಾತಿಗಳು ಇಲ್ಲಿಯ ಹೊಲಗದ್ದೆಗಳನ್ನು ನುಂಗಿದ್ದವು. ಕಳ್ಳಿಯ ಮೇಲೆ ಬದುಕುವ ಕಾಚಿನೀಲ್ ಎಂಬ ಕೀಟದಿಂದ ಬೆಲೆಬಾಳುವ ಕೆಂಪು ಬಣ್ಣ ದೊರೆಯುತ್ತಿತ್ತು. ಅದರ ಲಾಭದಾಸೆಯಿಂದ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಕಳ್ಳಿಯನ್ನು ಬೆಳೆಸಲಾಯಿತು. 1795ರಲ್ಲಿ ಬ್ರೆಜಿಲಿನಿಂದ ಕೀಟವೂ ಬಂದಿತು. ಆದರೆ ಬಂದದ್ದು ಬೇರೆ ಜಾತಿಯ ಕೀಟ. ಬಣ್ಣ ಕಳಪೆಯಾಯಿತು, ಕಳ್ಳಿ ಮಾತ್ರ ಸತ್ತಿತು. ವ್ಯಾಪಾರಿಗಳಿಗೆ ನಷ್ಟವಾದ ಈ ಸಂಗತಿಯಲ್ಲಿ ಕೃಷಿಕರಿಗೆ ಒಂದು ಪಾಠವಿತ್ತು. 1860ರ ದಶಕದಲ್ಲಿ ದಕ್ಷಿಣ ಭಾರತದಲ್ಲಿ ಕಳ್ಳಿಯನ್ನು ನಾಶಗೊಳಿಸುವುದಕ್ಕಾಗಿಯೇ ಈ ಕೀಟವನ್ನು ಹರಡಲಾಯಿತು. ಅದಕ್ಕೆ ಬಗ್ಗದೆ ಉಳಿದ ಮತ್ತೊಂದು ಜಾತಿಯ ಕಳ್ಳಿಯನ್ನು, 1926ರಲ್ಲಿ ಶ್ರೀಲಂಕಾದಿಂದ ತಂದ ಇನ್ನೊಂದು ಜಾತಿಯ ಕಾಚಿನೀಲ್ ಕೀಟ ಕೆಲವೇ ವರ್ಷಗಳಲ್ಲಿ ಅಡಗಿಸಿತು. ಕಡಲೆಯಷ್ಟೂ ಇಲ್ಲದ ಹುಳು ಕೊಡಲಿಯಿಂದಾಗದ ಕೆಲಸವನ್ನು ಮಾಡಿತು.

ಹಾಗೆಂದು ಪರದೇಶದ ಜೀವಿಯನ್ನು ತಂದುಬಿಟ್ಟರೆ ಸಾಕೆಂದು ತಿಳಿಯುವುದು ಅನರ್ಥಕ್ಕೆ ದಾರಿ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ಕಬ್ಬನ್ನು ಕೆಡಿಸುತ್ತಿದ್ದ ದುಂಬಿಗಳನ್ನು ತಿನ್ನಲೆಂದು 1935ರಲ್ಲಿ ಹವಾಯಿಯಿಂದ ನೂರರಷ್ಟು ದೊಡ್ಡ ನೆಲಗಪ್ಪೆಗಳನ್ನು ತಂದರು. ದುಂಬಿಗಳು ಕಬ್ಬಿನ ತುದಿಯಲ್ಲಿ, ಅವುಗಳ ಮರಿಹುಳುಗಳು ಮಣ್ಣಿನಾಳದಲ್ಲಿ. ಕಪ್ಪೆಗಳು ನೆಲದ ಮೇಲೆ! ದುಂಬಿಗಳು ನಿರಾತಂಕವಾಗಿ ಉಳಿದವು. ಕಪ್ಪೆಗಳು ಲಕ್ಷಗಟ್ಟಲೆಯಾಗಿ ಬೆಳೆದವು. ಅವುಗಳ ಮೈಯ ವಿಷದಿಂದ, ಅವನ್ನು ಹಿಡಿದು ತಿಂದ ಹಾವು ಉಡಗಳೂ ಇತರ ಪ್ರಾಣಿಗಳೂ ಸತ್ತವು. ಒಂದು ಪೀಡೆಯನ್ನು ಕಳೆಯಲು ಹೋಗಿ ಮತ್ತೊಂದನ್ನು ತಲೆಯ ಮೇಲೆ ಹೊತ್ತುಕೊಂಡಂತಾಯಿತು. ಎರಡು ಕಥೆಗಳ ನಡುವಣ ಅಂತರವಿಷ್ಟೇ: ಕಾಚಿನೀಲ್ ಕೀಟ ಕಳ್ಳಿಯೊಂದನ್ನೇ ತಿನ್ನುವುದು; ನೆಲಗಪ್ಪೆ ಬಾಯಿಗೆ ಹಿಡಿಸಿದ್ದನ್ನೆಲ್ಲ ತಿನ್ನುವುದು. ಜೀವಿಯ ಸ್ವಭಾವವನ್ನು ಅರಿಯದೆ ಮಾಡುವ ಉಪಾಯ ಅಪಾಯವೇ ಸರಿ.

ಕಳೆಯಿಂದ ಪ್ರಾಣಿಗಳ ಕಡೆಗೆ ತಿರುಗಿದರೆ ಅಲ್ಲಿಯೂ ಇದೇ ನೀತಿ. ಮಳೆ ಹಿಡಿದ ದಿನಗಳಲ್ಲಿ ತೋಟಗಳಲ್ಲಿ, ಮನೆಯ ಹಿತ್ತಿಲುಗಳಲ್ಲಿ ಅಂಗೈಯಗಲದ ಶಂಖವನ್ನು ಹೊತ್ತು ಹರಿದಾಡುವ ಆಫ್ರಿಕದ ಬಸವನಹುಳುವನ್ನು ಎಲ್ಲರೂ ಬಲ್ಲರು. ಇದನ್ನು 1847ರಲ್ಲಿ ಮಾರಿಷಸ್ಸಿನಿಂದ ಕಲ್ಕತ್ತೆಗೆ ತಂದವನು ಶಂಖಗಳಲ್ಲಿ ಆಸಕ್ತಿಯಿದ್ದ ಒಬ್ಬ ಆಂಗ್ಲ ಅಧಿಕಾರಿ. ಅಂದು ತೋಟವೊಂದರಲ್ಲಿ ಬಿಟ್ಟ ಹುಳುವಿನ ಸಂತತಿ ಇಂದು ದೇಶದ ಬಹುಭಾಗವನ್ನು ವ್ಯಾಪಿಸಿದೆ. ಕೊಡಗಿನ ಕಾಫಿ ತೋಟಗಳಿಗೂ ಇದರ ಕಾಟ ತಪ್ಪಿಲ್ಲ. ಇದು ಒಂದು ಬಾರಿಗೆ ನೂರಾರು ಮೊಟ್ಟೆಗಳನ್ನು ಮಣ್ಣಿನಲ್ಲಿ ಇಡುತ್ತದೆ. ಬೇಸಗೆ ಬಂದಾಗ ಚಿಪ್ಪಿನ ಬಾಯನ್ನು ಮುಚ್ಚಿಕೊಂಡು ತಿಂಗಳುಗಟ್ಟಲೆ ನಿದ್ರಿಸುತ್ತದೆ.

ಆದರೆ ಈ ಹುಳುವಿನ ದೌರ್ಬಲ್ಯವೂ ಅದರ ಸ್ವಭಾವದಲ್ಲಿಯೇ ಇದೆ. ಅದು ಇರುಳಿನಲ್ಲಿ ಸಂಚರಿಸಿ ಹಗಲಿನಲ್ಲಿ ತಂಪನ್ನು ಅರಸುತ್ತದೆ. ಸಂಜೆ ಅಲ್ಲಲ್ಲಿ ಒದ್ದೆ ಗೋಣಿಚೀಲಗಳನ್ನು ಹಾಸಿ, ಅವುಗಳ ಕೆಳಗೆ ಪರಂಗಿ ಎಲೆಗಳನ್ನೋ ಎಲೆಕೋಸಿನ ಎಲೆಗಳನ್ನೋ ಇಟ್ಟರೆ ಬೆಳಗಾಗುವಷ್ಟರಲ್ಲಿ ಹುಳುಗಳು ಅಲ್ಲಿ ಗುಂಪುಗೂಡಿರುತ್ತವೆ. ಅವುಗಳನ್ನು ಆರಿಸಿ ಉಪ್ಪುನೀರಿನಲ್ಲಿ ಹಾಕಿ ಕೊಲ್ಲಬಹುದು. ಬರಿಗೈಯಲ್ಲಿ ಮಾತ್ರ ಮುಟ್ಟಕೂಡದು; ಮನುಷ್ಯನ ಮಿದುಳಿಗೆ ಕೇಡು ತರುವ ಒಂದು ಪರೋಪಜೀವಿ ಅವುಗಳಲ್ಲಿ ಇರಬಹುದು. ಒಂದು ತೋಟದವರು ಆರಿಸಿ, ನೆರೆತೋಟದವರು ಸುಮ್ಮನಿದ್ದರೆ ಎಂಟು ದಿನಗಳಲ್ಲಿ ಸ್ಥಿತಿ ಮೊದಲಿನಂತೆಯೇ. ಊರವರೆಲ್ಲ ಒಂದೇ ವಾರ ಈ ಕೆಲಸಕ್ಕೆ ಕೈಹಾಕಿದರೆ ಫಲ ಕಣ್ಣಿಗೆ ಕಾಣುತ್ತದೆ. ಒಂದು ತೋಟದ ಮಣ್ಣನ್ನೋ ಸಸಿಯ ಕುಂಡವನ್ನೋ ಇನ್ನೊಂದೆಡೆಗೆ ಒಯ್ಯುವಾಗ ಅದರಲ್ಲಿ ಮೊಟ್ಟೆಗಳಿವೆಯೇ ಎಂದು ನೋಡುವುದು ಇನ್ನೂ ಮೇಲಾದ ಜಾಣ್ಮೆ.

ಇಲಿ ಹೆಗ್ಗಣಗಳ ವಿಷಯವಂತೂ ಹೊಲಕ್ಕೂ ಮನೆಗೂ ಸಮಾನವಾದುದು. ಹೊಲದ ಹೆಗ್ಗಣವು ತಿನ್ನುವುದಷ್ಟೇ ಅಲ್ಲ, ತೆನೆಗಳನ್ನು ಕತ್ತರಿಸಿ ಬಿಲದೊಳಗೆ ಕೂಡಿಡುತ್ತದೆ. ದಪ್ಪನೆಯ ಬದುಗಳು ಅದಕ್ಕೆ ಅರಮನೆ. ಆದುದರಿಂದ ಬದುವನ್ನು ಕಿರಿದಾಗಿ, ಚೊಕ್ಕಟವಾಗಿ ಇಡುವುದು ಲೇಸು. ವಿಷದ ತಿಂಡಿಯನ್ನು ಏಕಾಏಕಿ ಇಟ್ಟರೆ ಇಲಿ ರುಚಿ ನೋಡಿ, ಅನುಮಾನಪಟ್ಟು ದೂರ ಸರಿಯುತ್ತದೆ. ಮೊದಲು ಕೆಲವು ದಿನ ವಿಷವಿಲ್ಲದ ತಿಂಡಿಯನ್ನಿಟ್ಟು ಅಭ್ಯಾಸ ಮಾಡಿಸುವುದು ಅದಕ್ಕಾಗಿಯೇ. ಇದಾವುದನ್ನೂ ಅರಿಯದೆ ಮಾಡುವ ಪ್ರಯತ್ನ ಬೆಟ್ಟ ಅಗೆದು ಇಲಿಯನ್ನೂ ಹಿಡಿಯದಂತೆ ಆದೀತು.

ಇಲಿಗೆ ಸಹಜ ಶತ್ರುಗಳಿಗೇನೂ ಕೊರತೆಯಿಲ್ಲ. ಕೇರೆಹಾವು ಬಿಲದೊಳಗೇ ನುಗ್ಗಿ ಇಲಿಯನ್ನು ಹಿಡಿಯುತ್ತದೆ. ಗೂಬೆ ಇರುಳೆಲ್ಲ ಹೊಲ ಕಾಯುತ್ತದೆ. ಮನುಷ್ಯನು ಮಾಡುವುದೇನು? ಹಾವೆಂಬ ಭಯದಿಂದ ಕೇರೆಯನ್ನು ಬಡಿಯುತ್ತಾನೆ. ಅಪಶಕುನವೆಂದು ಗೂಬೆಯನ್ನು ಅಟ್ಟುತ್ತಾನೆ. ಇಲಿಯೆಂದು ಭ್ರಮಿಸಿ, ಜಿರಲೆ ಹುಳುಗಳನ್ನು ತಿಂದು ಬದುಕುವ ಸೊಂಡಿಲಿಯನ್ನು ಕೊಲ್ಲುತ್ತಾನೆ. ಆಮೇಲೆ ಇಲಿ ಹೆಚ್ಚಿತೆಂದು ಗೊಣಗುತ್ತಾನೆ. ಹೊಲದ ನಡುವೆ ಅಡ್ಡಪಟ್ಟಿಯುಳ್ಳ ಕೆಲವು ಗೂಟಗಳನ್ನು ನೆಟ್ಟರೆ ಸಾಕು. ಗೂಬೆಗೆ ಕುಳಿತು ಬೇಟೆಯಾಡಲು ಆಸನವಾಗುತ್ತದೆ. ಸಂಬಳ ಕೇಳದ ಇಂತಹ ಕಾವಲುಗಾರನನ್ನು ಓಡಿಸುವುದು ಯಾವ ಬುದ್ಧಿವಂತಿಕೆ?

ಮನೆಯಲ್ಲಿ ಇಲಿಯಿದ್ದರೆ ಕೆಡುವುದು ಕಾಳು ಬಟ್ಟೆಗಳು ಮಾತ್ರವಲ್ಲ. 1898ರಲ್ಲಿ ಬೆಂಗಳೂರನ್ನು ಪ್ಲೇಗು ಹೊಕ್ಕಾಗ ಸಾವಿರಾರು ಜನ ಸತ್ತರು. ಜನರು ಮನೆಮಠ ತೊರೆದು ಬಯಲಿನ ಜೋಪಡಿಗಳಲ್ಲಿ ವಾಸಿಸಿದರು. ಇಲಿಯ ಮೈಮೇಲಿನ ಚಿಗಟಗಳೇ ಆ ರೋಗದ ವಾಹಕಗಳು. ಇಕ್ಕಟ್ಟಿನ ಹಳೆಯ ಪೇಟೆಯಿಂದ ಜನರನ್ನು ಹೊರತಂದು ಗಾಳಿ ಬೆಳಕುಳ್ಳ ಮನೆಗಳನ್ನು ಒದಗಿಸಲೆಂದು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳನ್ನು ಬೆಳೆಸಲಾಯಿತು. ಇಂದಿಗೂ ಮಳೆಗಾಲದಲ್ಲಿ, ಇಲಿಯ ಮೂತ್ರ ಬೆರೆತ ನೀರಿನಲ್ಲಿ ಬರಿಗಾಲಿನಲ್ಲಿ ದುಡಿಯುವವರಿಗೆ ಇಲಿಜ್ವರ ತಗಲುತ್ತದೆ. ಕಾಳನ್ನು ಮುಚ್ಚಳವುಳ್ಳ ಡಬ್ಬಗಳಲ್ಲಿ ಇಡುವುದು, ಗೋಡೆಯ ಬಿರುಕುಗಳನ್ನು ಮುಚ್ಚುವುದು, ಬೀದಿಯಲ್ಲಿ ಎಂಜಲು ಚೆಲ್ಲದಿರುವುದು ಇವು ಸಣ್ಣ ಸಂಗತಿಗಳೆಂದು ತೋರಬಹುದು. ಆದರೆ ತನ್ನ ಮನೆಯನ್ನು ಗುಡಿಸಿ ಕಸವನ್ನು ಪಕ್ಕದ ನಿವೇಶನಕ್ಕೆ ಸುರಿಯುವವನು ಇಲಿಯನ್ನು ಓಡಿಸುವುದಿಲ್ಲ. ಬಾಗಿಲಾಚೆ ಅದಕ್ಕೆ ಊಟವಿಕ್ಕಿ ಸಾಕುತ್ತಾನೆ.

ಹೀಗೆ ನೋಡುತ್ತ ಹೋದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಕಳ್ಳಿಯನ್ನು ಬಣ್ಣದಾಸೆಯಿಂದ, ಬಸವನಹುಳುವನ್ನು ಕುತೂಹಲದಿಂದ ಕರೆತಂದವನು ಮನುಷ್ಯನೇ. ಪಾರ್ಥೇನಿಯಂ ಅವನ ಸರಕು ವಾಹನಗಳೊಡನೆ ಸಂಚರಿಸಿತು. ಇಲಿ ಅವನ ಉಣಿಸಿನಿಂದಲೇ ಕೊಬ್ಬಿತು. ಆದುದರಿಂದ ಆ ಜೀವಿಗಳನ್ನು ಶಪಿಸಿ ಪ್ರಯೋಜನವಿಲ್ಲ. ಅವು ಯಾವ ದ್ವೇಷದಿಂದಲೂ ಬಂದವುಗಳಲ್ಲ. ಎಲ್ಲ ಜೀವಿಗಳಂತೆ ಬದುಕಲು ಹವಣಿಸುತ್ತಿವೆ. ಅವುಗಳ ಸ್ವಭಾವವನ್ನು ಅರಿತು, ಸಕಾಲದಲ್ಲಿ, ಸುತ್ತಲಿನ ಒಳ್ಳೆಯ ಜೀವಿಗಳಿಗೆ ಕೇಡಾಗದಂತೆ, ಎಲ್ಲರೂ ಕೂಡಿ ಅವುಗಳನ್ನು ಮಿತಿಯಲ್ಲಿಡುವುದೇ ವಿವೇಕ.

ಮುಂಗಾರಿನ ಎರಡನೆಯ ಮಳೆ ಬಿದ್ದು ಮೂರು ವಾರಗಳಾದ ಒಂದು ಬೆಳಗ್ಗೆ ಊರವರೆಲ್ಲ ಒಟ್ಟಾಗಿ ಹೊರಟರೆ ಗೋಮಾಳವನ್ನೂ ರಸ್ತೆಯ ಅಂಚನ್ನೂ ಶಾಲೆಯ ಆವರಣವನ್ನೂ ಬೀಳುಬಿದ್ದ ಹೊಲವನ್ನೂ ಹೂ ಬಿಡುವ ಮುನ್ನವೇ ಶುಚಿ ಮಾಡಬಹುದು. ಪಟ್ಟಣದಲ್ಲಿರುವ ಒಡೆಯನು ಆ ಒಂದು ದಿನ ಊರಿಗೆ ಬಂದು ಕೈಜೋಡಿಸಿದರೆ, ಇಲ್ಲವೇ ತನ್ನ ಪರವಾಗಿ ಒಂದಾಳನ್ನು ಕಳಿಸಿದರೆ, ಬದುವಿನ ಈಚೆಗಿರುವ ರೈತನ ವರ್ಷವಿಡೀ ದುಡಿಮೆ ಉಳಿಯುತ್ತದೆ. ಬೀಜ ಊರಿಗೆಲ್ಲ ಸೇರಿದ್ದಾದರೆ ಅದನ್ನು ತಡೆಯುವ ಕೈಯೂ ಊರಿಗೆಲ್ಲ ಸೇರಿದ್ದಾಗಬೇಡವೇ?

ಪದಗಳ ಅರ್ಥ

ಪಿಡುಗು – ಉಪದ್ರವ, ಪೀಡೆ
ಎಡೆಕುಂಟೆ – ಪೈರಿನ ಸಾಲುಗಳ ನಡುವೆ ಆಡಿಸುವ ಕುಂಟೆ
ಪರಿವೆ – ಲಕ್ಷ್ಯ, ಅರಿವು
ಪರೋಪಜೀವಿ – ಇನ್ನೊಂದು ಜೀವಿಯನ್ನು ಆಶ್ರಯಿಸಿ ಬದುಕುವ ಜೀವಿ
ಹವಣಿಸು – ಪ್ರಯತ್ನಿಸು

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಪಾರ್ಥೇನಿಯಂ ಗಿಡದ ತವರು ಯಾವುದು?
2. ಆಫ್ರಿಕದ ಬಸವನಹುಳುವನ್ನು ಭಾರತಕ್ಕೆ ಯಾವ ವರ್ಷ ತರಲಾಯಿತು?
3. ಇಲಿಗೆ ಮೊದಲು ವಿಷವಿಲ್ಲದ ತಿಂಡಿಯನ್ನು ಏಕೆ ಇಡುತ್ತಾರೆ?

ಆ) ಐದಾರು ವಾಕ್ಯಗಳಲ್ಲಿ ಉತ್ತರಿಸಿರಿ.
1. ಕಾಚಿನೀಲ್ ಕೀಟದ ಕಥೆಗೂ ನೆಲಗಪ್ಪೆಯ ಕಥೆಗೂ ಇರುವ ಅಂತರವೇನು?
2. ಕಿತ್ತ ಕಳೆಯು ಯಾವಾಗ ಗೊಬ್ಬರವಾಗುತ್ತದೆ? ಯಾವಾಗ ಮತ್ತೆ ಕಳೆಯಾಗುತ್ತದೆ?

ಇ) ಸಂದರ್ಭ ಸೂಚಿಸಿ ಸ್ವಾರಸ್ಯವನ್ನು ವಿವರಿಸಿರಿ.
“ಬೀಜ ಮಾತ್ರ ಊರಿಗೆಲ್ಲ ಸೇರಿದ್ದು.”

ಈ) ನಿಮ್ಮ ಮನೆಯ ಅಥವಾ ಶಾಲೆಯ ಸುತ್ತ ಬೆಳೆದಿರುವ ಕಳೆಗಳನ್ನು ಗುರುತಿಸಿ, ಅವು ಹೂ ಬಿಡುವ ಕಾಲವನ್ನು ಬರೆದಿಡಿರಿ.